ವರ್ಕ್‌ಶೀಟಿಗೆ ಬೀಗ ಜಡಿಯುವ ಮೊದಲು

"ಮಕ್ಕಳಿಗೋಸ್ಕರ ತಾನೇ ಮೇಡಂ, ಹಂಚಿದರೆ ತಪ್ಪೇನು?" ಯಾರೋ ದುಡ್ಡು ಕೊಟ್ಟು ಕೊಂಡ ಪಿಡಿಎಫ್ ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಫಾರ್ವರ್ಡ್ ಆದಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಅದು ನನಗೆ ಗೊತ್ತು. ಆದರೂ ಅದು ತಪ್ಪೇ. ಹಾಗೆ ಹಂಚಿಹೋಗುತ್ತದೆ ಎಂಬ ಭಯಕ್ಕೆ ಫೈಲಿನ ಮೇಲೆ ಬೀಗದ ಮೇಲೆ ಬೀಗ ಜಡಿದು, ದುಡ್ಡು ಕೊಟ್ಟವರನ್ನೇ ಗೋಳು ಹೊಯ್ದುಕೊಳ್ಳುವುದೂ ಅಷ್ಟೇ ತಪ್ಪು. ಪಾಠದ ಸಾಮಗ್ರಿ ಮಾಡಿ ಆನ್‌ಲೈನ್‌ನಲ್ಲಿ ಮಾರುವ ಶಿಕ್ಷಕರು ಈ ಎರಡರ ನಡುವೆ ಸಿಕ್ಕಿಕೊಂಡಿದ್ದಾರೆ. ಅವರಿಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು, ಒಂದು ಪುಟದ ವರ್ಕ್‌ಶೀಟಿನಲ್ಲಿ ಏನಿರುತ್ತದೆ ನೋಡಿ. ಭಿನ್ನರಾಶಿ ಕೂಡಿಸುವ ಲೆಕ್ಕ ಅಂದುಕೊಳ್ಳಿ. 1/2 + 1/3 ಎಷ್ಟು ಅಂದರೆ 2/5 ಎಂದು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿಬಿಟ್ಟಿರುತ್ತಾರೆ. ಒಳ್ಳೆಯ ಶಿಕ್ಷಕಿ ಬಹು ಆಯ್ಕೆ ಪ್ರಶ್ನೆ ಮಾಡುವಾಗ ಆ 2/5 ಅನ್ನು ಬೇಕಂತಲೇ ಆಯ್ಕೆಗಳಲ್ಲಿ ಇಡುತ್ತಾಳೆ. ಮಗು ಅದನ್ನು ಆರಿಸಿದರೆ ಅದು ಎಲ್ಲಿ ಎಡವಿದೆ ಎಂದು ಉತ್ತರ ನೋಡಿದ ಕೂಡಲೇ ಗೊತ್ತಾಗುತ್ತದೆ. ಛೇದ ಒಂದೇ ಇರುವ ಲೆಕ್ಕ ಮೊದಲು, ಒಂದು ಛೇದ ಇನ್ನೊಂದರ ಅಪವರ್ತ್ಯವಾಗಿರುವುದು ಆಮೇಲೆ, ಯಾವ ಸಂಬಂಧವೂ ಇಲ್ಲದ ಛೇದಗಳು ಕೊನೆಗೆ. ಈ ಕ್ರಮ ಕಂಪ್ಯೂಟರ್ ಮುಂದೆ ಕೂತಾಗ ಹುಟ್ಟಿದ್ದಲ್ಲ. ವರ್ಷಗಟ್ಟಲೆ ಮಕ್ಕಳ ನೋಟ್‌ಬುಕ್ ತಿದ್ದಿದ ಕೈಗೆ ಮಾತ್ರ ಅದು ಗೊತ್ತಿರುತ್ತದೆ. ಬೆಲೆ ಇಟ್ಟಿರುವುದು ಆ ತಿಳಿವಳಿಕೆಗೆ.

ಹೀಗೆ ಬೆಲೆ ಇಟ್ಟರೆ ಶಿಕ್ಷಕರೇ ಶಿಕ್ಷಕರಿಂದ ಕೊಳ್ಳುತ್ತಾರೆ ಎಂಬುದೂ ಹೊಸ ಸಂಗತಿಯಲ್ಲ. ನ್ಯೂಯಾರ್ಕ್ ನಗರದಲ್ಲಿ ಪಾಠ ಮಾಡುತ್ತಿದ್ದ ಪಾಲ್ ಎಡೆಲ್‌ಮನ್ 2006ರಲ್ಲಿ 'ಟೀಚರ್ಸ್ ಪೇ ಟೀಚರ್ಸ್' ಎಂಬ ಜಾಲತಾಣ ಶುರುಮಾಡಿದ್ದು ಇದೇ ನಂಬಿಕೆಯಿಂದ. ಇವತ್ತು ಅದು ದೊಡ್ಡ ಮಾರುಕಟ್ಟೆ.

ಕಳ್ಳತನದ ಬಗ್ಗೆ ದೂರುವ ಮುನ್ನ ಮಾರಾಟಗಾರರು ನೋಡಿಕೊಳ್ಳಬೇಕಾದ್ದು ಒಂದಿದೆ: ನೀವು ಮಾರುತ್ತಿರುವುದು ಪೂರ್ತಿ ನಿಮ್ಮದೇ ಹೌದಾ? ಹುಡುಕಾಟದಲ್ಲಿ ಸಿಕ್ಕ ಚಿತ್ರ, ಪಠ್ಯಪುಸ್ತಕದಿಂದ ಎತ್ತಿದ ಪರಿಚ್ಛೇದ, ಮಕ್ಕಳಿಗೆ ಇಷ್ಟ ಎಂದು ಹಾಕಿದ ಜನಪ್ರಿಯ ಕಾರ್ಟೂನ್ ಪಾತ್ರ, ಇವು ಯಾವುವೂ ಮಾರಾಟದ ಫೈಲಿಗೆ ಬರಬಾರದು. ಫಾಂಟಿನ ವಿಷಯವನ್ನಂತೂ ಹೆಚ್ಚಿನವರು ಮರೆತೇಬಿಡುತ್ತಾರೆ. ಉಚಿತವಾಗಿ ಇಳಿಸಿಕೊಂಡ ಎಷ್ಟೋ ಫಾಂಟುಗಳು ಸ್ವಂತ ಬಳಕೆಗೆ ಮಾತ್ರ ಉಚಿತ, ಮಾರಾಟಕ್ಕೆ ಬೇರೆ ಲೈಸೆನ್ಸ್ ಬೇಕು. ಮಾರಾಟದ ಕೆಲಸಕ್ಕೂ ಬಳಸಲು ಬಿಡುವ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇರುವ ಫಾಂಟ್ ಆರಿಸಿಕೊಂಡರೆ ಆ ತಲೆನೋವಿಲ್ಲ. ಮಾಡಿದವರೇ ಕೆಲವು ಷರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಟ್ಟ ಕ್ರಿಯೇಟಿವ್ ಕಾಮನ್ಸ್ ಚಿತ್ರಗಳಲ್ಲಿ 'ಎನ್‌ಸಿ' ಎಂದಿದ್ದರೆ ವಾಣಿಜ್ಯ ಬಳಕೆಗೆ ಇಲ್ಲ ಎಂದರ್ಥ. 'ಎಸ್‌ಎ' ಇದ್ದ ಕೃತಿಯನ್ನು ಮಾರ್ಪಡಿಸಿ ಹೊಸದು ಮಾಡಿದರೆ, ಆ ಹೊಸದನ್ನೂ ಅದೇ ಷರತ್ತಿನಲ್ಲಿ ಹಂಚಲು ಬಿಡಬೇಕಾಗುತ್ತದೆ. ಎಐ ಬಿಡಿಸಿಕೊಟ್ಟ ಚಿತ್ರಗಳನ್ನೇ ತುಂಬಿದ ಫೈಲಿಗೂ ಒಂದು ಪೇಚಿದೆ. ಮನುಷ್ಯನ ಸೃಜನಶೀಲ ಪಾಲು ಇಲ್ಲದ ಕೃತಿಯನ್ನು ಅಮೆರಿಕದ ಕಾಪಿರೈಟ್ ಕಚೇರಿ ನೋಂದಾಯಿಸುವುದಿಲ್ಲ. ಅಂದರೆ ಅಂಥ ಚಿತ್ರವನ್ನು ನಾಳೆ ಬೇರೆಯವರು ಬಳಸಿದರೆ ನೀವು ತಡೆಯುವುದು ಕಷ್ಟ. ಕೊಂಡ ಕ್ಲಿಪ್ ಆರ್ಟಿನ (ಸಿದ್ಧ ಚಿತ್ರಗಳ) ರಸೀದಿ, ಅವತ್ತಿನ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ಎರಡನ್ನೂ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಷರತ್ತುಗಳು ಬದಲಾಗುತ್ತಿರುತ್ತವೆ.

ಸಂಬಳಕ್ಕೆ ದುಡಿಯುವ ಶಿಕ್ಷಕರಿಗೆ ಇನ್ನೊಂದು ಪ್ರಶ್ನೆ ಇದೆ. ಕೆಲಸದ ಭಾಗವಾಗಿ ತಯಾರಿಸಿದ ಸಾಮಗ್ರಿಯ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತರದ್ದು ಎಂದು ಭಾರತದ 1957ರ ಕಾಪಿರೈಟ್ ಕಾಯ್ದೆಯೂ ಹೇಳುತ್ತದೆ, ಬ್ರಿಟನ್ನಿನ 1988ರ ಕಾಯ್ದೆಯೂ ಹೇಳುತ್ತದೆ. ಮನೆಯಲ್ಲಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಮಾಡಿದ್ದು ತನ್ನಿಂತಾನೇ ನಿಮ್ಮದಾಗುತ್ತದೆ ಎಂದು ಕುರುಡಾಗಿ ನಂಬಬೇಡಿ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ, ಬರಹದಲ್ಲಿ ತೆಗೆದುಕೊಳ್ಳಿ. ಎರಡು ಸಾಲಿನ ಇಮೇಲ್ ಸಾಕು.

ಇನ್ನು "ನನ್ನ ಐಡಿಯಾ ಕದ್ದರು" ಎಂಬ ಜಗಳ. ಇದರಲ್ಲಿ ನಾನು ಮಾರಾಟಗಾರರ ಪರ ನಿಲ್ಲಲಾರೆ. ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಕೃತಿಯ ಜೊತೆಗೇ ಹುಟ್ಟುತ್ತದೆ, 1886ರ ಬರ್ನ್ ಎಂಬ ಅಂತರರಾಷ್ಟ್ರೀಯ ಕೃತಿಸ್ವಾಮ್ಯ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ನೋಂದಣಿ ಇಲ್ಲದೆಯೂ ಅದು ನಿಮ್ಮದು. ಆದರೆ ಅದು ಕಾಯುವುದು ನಿಮ್ಮ ವಾಕ್ಯಗಳನ್ನು, ಚಿತ್ರಗಳನ್ನು, ನೀವು ಆಯ್ದು ಜೋಡಿಸಿದ ರೀತಿಯನ್ನು. ವಿಧಾನಕ್ಕೆ ಆ ಕಾವಲು ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಹತ್ತೊಂಬತ್ತನೇ ಶತಮಾನದಲ್ಲೇ 'ಬೇಕರ್ ವಿರುದ್ಧ ಸೆಲ್ಡನ್' ಮೊಕದ್ದಮೆಯಲ್ಲಿ ಇದನ್ನು ಬಿಡಿಸಿ ಹೇಳಿತು: ಲೆಕ್ಕ ಬರೆಯುವ ಪದ್ಧತಿಯನ್ನು ವಿವರಿಸಿದ ಪುಸ್ತಕಕ್ಕೆ ರಕ್ಷಣೆ ಇದೆ, ಆ ಪದ್ಧತಿಗೆ, ಅದಕ್ಕೆ ಬೇಕಾದ ಖಾಲಿ ನಮೂನೆಗಳಿಗೆ ಇಲ್ಲ. 1ರಿಂದ 100ರ ಚೌಕವಾಗಲಿ, ದಾಳ ಉರುಳಿಸಿ ಭಿನ್ನರಾಶಿ ಕಲಿಸುವ ಆಟವಾಗಲಿ ಯಾರೊಬ್ಬರ ಸ್ವತ್ತೂ ಅಲ್ಲ. ಹಾಗಿರುವುದೇ ಒಳ್ಳೆಯದು. ಕಲಿಸುವ ಉಪಾಯಗಳು ಒಬ್ಬರಿಂದ ಒಬ್ಬರಿಗೆ ಹರಿಯದಿದ್ದರೆ ಈ ವೃತ್ತಿಯೇ ಬತ್ತಿಹೋಗುತ್ತದೆ.

ಬೀಗದ ವಿಷಯಕ್ಕೆ ಬರುತ್ತೇನೆ. ಪಿಡಿಎಫ್‌ನಲ್ಲಿ ಎಡಿಟ್, ಪ್ರಿಂಟ್ ತಡೆಯುವ ಪಾಸ್‌ವರ್ಡ್ ಇದೆಯಲ್ಲ, ಅದನ್ನು ಮೀರಿಸುವ ಉಚಿತ ಸಾಧನಗಳು ಎಲ್ಲೆಡೆ ಸಿಗುತ್ತವೆ. ಕದಿಯಬೇಕೆಂದವನಿಗೆ ಅದು ಅಡ್ಡಿಯೇ ಅಲ್ಲ. ಅಡ್ಡಿಯಾಗುವುದು ನಾಳೆ ಬೆಳಗ್ಗೆ ಪಾಠವಿದೆ, ರಾತ್ರಿಯೇ ಪ್ರಿಂಟ್ ತೆಗೆಯಬೇಕು ಎಂದು ಕೂತ ಶಿಕ್ಷಕಿಗೆ. ಇನ್ನು ಕೆಲವರು ಇಡೀ ಪುಟವನ್ನೇ ಚಿತ್ರವಾಗಿ ಚಪ್ಪಟೆ ಮಾಡುತ್ತಾರೆ. ಇದಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ, ತಮ್ಮ ಚಿತ್ರವನ್ನು ಯಾರೂ ಬಿಡಿಬಿಡಿಯಾಗಿ ಎತ್ತಿಕೊಳ್ಳದಂತೆ ಮಾಡಿ ಎಂದು ಎಷ್ಟೋ ಕ್ಲಿಪ್ ಆರ್ಟ್ ಕಲಾವಿದರು ಲೈಸೆನ್ಸ್‌ನಲ್ಲೇ ಕೇಳುತ್ತಾರೆ. ಆದರೆ ಪಠ್ಯವೂ ಚಿತ್ರವಾಗಿಬಿಟ್ಟರೆ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಓದಲಾರದು. ದೃಷ್ಟಿ ಇಲ್ಲದ ಶಿಕ್ಷಕರಿಗೆ, ಮಗುವಿಗೆ ಆ ಪುಟ ಬರೀ ಖಾಲಿ. ಕಲಿಸಲೆಂದೇ ಮಾಡಿದ ವಸ್ತುವಿನಿಂದ ಒಂದು ಮಗುವನ್ನು ಹೀಗೆ ಹೊರಗಿಡುವುದು ನನಗೆ ಸಹಿಸಲಾಗದ ಸಂಗತಿ. ಚಿತ್ರಗಳನ್ನು ಹಿನ್ನೆಲೆಯಲ್ಲಿ ಚಪ್ಪಟೆ ಮಾಡಿ, ಪಠ್ಯವನ್ನು ಪಠ್ಯವಾಗಿಯೇ ಬಿಡಬಹುದು. ಸ್ವಲ್ಪ ಹೆಚ್ಚು ಕೆಲಸ, ಅಷ್ಟೇ.

ಜಾಗ್ರತೆ ಬೇಕಾದ್ದು ಬೇರೆ ಕಡೆ. ಪ್ರಿವ್ಯೂನಲ್ಲಿ ಕೆಲವೇ ಪುಟ ತೋರಿಸಿ, ಕಡಿಮೆ ರೆಸಲ್ಯೂಷನ್ ಇರಲಿ, ವಾಟರ್‌ಮಾರ್ಕ್ ಅಂಚಿನಲ್ಲಲ್ಲ, ಮಧ್ಯದಲ್ಲೇ ಇರಲಿ. ಕೀ ಉತ್ತರ ಅಲ್ಲಿ ಕಾಣಲೇಬಾರದು. ಡ್ರೈವ್‌ನಲ್ಲಿ 'ಲಿಂಕ್ ಇರುವ ಯಾರಾದರೂ' ಎಂದು ತೆರೆದಿಟ್ಟ ಫೋಲ್ಡರ್ ಬೀದಿಯಲ್ಲಿ ಇಟ್ಟ ಹಾಗೆಯೇ. ಗೂಗಲ್ ಸ್ಲೈಡ್ಸ್ ಕೊಡುವಾಗ, ಕೊಂಡವರು ಒಮ್ಮೆ ತಮ್ಮ ಪ್ರತಿ ಮಾಡಿಕೊಂಡರೆ ಅದನ್ನು ವಾಪಸ್ ಪಡೆಯುವ ದಾರಿ ಇಲ್ಲ ಎಂಬುದು ನೆನಪಿರಲಿ.

ನನ್ನ ದೃಷ್ಟಿಯಲ್ಲಿ ನಿಜವಾದ ರಕ್ಷಣೆ ಇರುವುದು ಫೈಲಿನ ಎರಡನೇ ಪುಟದಲ್ಲಿ. ಅಲ್ಲಿ ಸರಳ ಭಾಷೆಯಲ್ಲಿ ಬರೆಯಿರಿ: ಇದು ಒಬ್ಬ ಶಿಕ್ಷಕರಿಗೆ. ನಿಮ್ಮ ಮಕ್ಕಳಿಗೆ ಎಷ್ಟು ಜೆರಾಕ್ಸ್ ಬೇಕೋ ತೆಗೆಯಿರಿ, ಪ್ರತಿ ವರ್ಷ ತೆಗೆಯಿರಿ. ನಿಮ್ಮ ತರಗತಿಯವರಿಗೆ ಮಾತ್ರ ಕಾಣುವ ಪುಟದಲ್ಲಿ ಹಾಕಿ. ಎಲ್ಲರಿಗೂ ಕಾಣುವ ಜಾಲತಾಣಕ್ಕೆ, ಗ್ರೂಪಿಗೆ ಹಾಕಬೇಡಿ. ಸಹೋದ್ಯೋಗಿಗೂ ಬೇಕಿದ್ದರೆ ಕಡಿಮೆ ಬೆಲೆಗೆ ಹೆಚ್ಚುವರಿ ಲೈಸೆನ್ಸ್ ಇಲ್ಲಿದೆ. ಹೆಚ್ಚಿನ ಶಿಕ್ಷಕರು ಪ್ರಾಮಾಣಿಕರು, ಗೆರೆ ಎಲ್ಲಿದೆ ಎಂದು ಹೇಳಿದವರಿಲ್ಲ ಅಷ್ಟೇ. ಪ್ರತಿ ಪುಟದ ಅಡಿಯಲ್ಲಿ ಹೆಸರು, ವರ್ಷ ಇರಲಿ. ತಪ್ಪು ಕಂಡಾಗ ತಿದ್ದಿ, ಹೊಸ ಆವೃತ್ತಿಯನ್ನು ಕೊಂಡವರಿಗೆಲ್ಲ ಉಚಿತವಾಗಿ ಕಳಿಸಿ. ಫಾರ್ವರ್ಡ್ ಆದ ಫೈಲ್ ಹಳೆಯ ತಪ್ಪಿನೊಂದಿಗೇ ಅಲೆಯುತ್ತಿರುತ್ತದೆ, ಕೊಂಡವರ ಹತ್ತಿರ ಸರಿಯಾದದ್ದು ಇರುತ್ತದೆ.

ಇಷ್ಟರ ಮೇಲೂ ನಿಮ್ಮ ಫೈಲ್ ಬೇರೆ ಹೆಸರಿನಲ್ಲಿ ಮಾರಾಟಕ್ಕೆ ಕಂಡರೆ ಸುಮ್ಮನಿರಬೇಡಿ. ನಿಮ್ಮದೇ ಆದ ಒಂದು ವಿಚಿತ್ರ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಆಗಾಗ ಹುಡುಕುತ್ತಿರಿ. ಸಿಕ್ಕರೆ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಮೊದಲು ಒಂದು ಸಭ್ಯ ಸಂದೇಶ ಕಳಿಸಿ. ಬಗ್ಗದಿದ್ದರೆ ತಾಣಕ್ಕೆ ನೋಟಿಸ್ ಕೊಡಿ. ಅಮೆರಿಕದ ತಾಣಗಳಿಗೆ ಕದ್ದ ಕೃತಿಯನ್ನು ತೆಗೆಸಲು 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾಯ್ದೆಯ ದಾರಿ ಇದೆ. ಭಾರತದ 2013ರ ಕಾಪಿರೈಟ್ ನಿಯಮಗಳ ಪ್ರಕಾರ, ಲಿಖಿತ ದೂರಿನಲ್ಲಿ ಹುರುಳಿದೆ ಎಂದು ಮನವರಿಕೆಯಾದರೆ ತಾಣದವರು 36 ಗಂಟೆಯೊಳಗೆ ಆ ಕೊಂಡಿಯನ್ನು ತಡೆಯಬೇಕು. ಆ ತಡೆ 21 ದಿನದ್ದು, ಅಷ್ಟರೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ನೀವೇ ಮಾಡಿದ್ದು ಎಂದು ತೋರಿಸಲು ಎಡಿಟ್ ಮಾಡಬಹುದಾದ ಮೂಲ ಫೈಲುಗಳು ಬೇಕು, ಅವನ್ನು ಅಳಿಸಬೇಡಿ.

ಮೊದಲ ಪ್ರಶ್ನೆ ಕೇಳಿದವರಿಗೆ ಇನ್ನೂ ಒಂದು ಮಾತು. ಪಾಠ ಮಾಡುವಾಗ ಬೇರೆಯವರ ಕೃತಿ ಬಳಸಲು ಶಿಕ್ಷಕರಿಗೆ ಕಾನೂನೇ ಸಾಕಷ್ಟು ಸಡಿಲು ಕೊಟ್ಟಿದೆ. ಆದರೆ ಮಾರಾಟದಲ್ಲಿರುವ ಫೈಲನ್ನು ಇಡಿಯಾಗಿ ನೂರಾರು ಜನರ ಗ್ರೂಪಿಗೆ ಸುರಿಯುವುದು ತರಗತಿಯ ಪಾಠವಲ್ಲ. ಉಚಿತವಾಗಿ ಹಂಚುವುದು ದೊಡ್ಡ ಗುಣ, ನಾನೂ ನನ್ನ ಕೆಲವು ಫೈಲುಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟಿದ್ದೇನೆ. ಆ ತೀರ್ಮಾನ ಮಾತ್ರ ಮಾಡಿದವರದ್ದಾಗಿರಬೇಕು. ಕೊಳ್ಳಲು ಕೈಲಾಗದಿದ್ದರೆ ಮಾಡಿದವರನ್ನೇ ಕೇಳಿ, ಶಿಕ್ಷಕರು ಸಹ ಶಿಕ್ಷಕರಿಗೆ ಇಲ್ಲ ಎನ್ನುವುದು ಕಡಿಮೆ. ಇನ್ನು ಆಡಳಿತ ಮಂಡಳಿಗಳಿಗೆ ನನ್ನ ನೇರ ಬೇಡಿಕೆ ಇಷ್ಟು: ಸೀಮೆಸುಣ್ಣಕ್ಕೆ, ಪ್ರಿಂಟರ್ ಇಂಕಿಗೆ ಹಣ ಇಡುವ ಶಾಲೆಗಳು ಇಡೀ ಶಾಲೆಗೆ ಅನ್ವಯಿಸುವ ಲೈಸೆನ್ಸಿಗೂ ಹಣ ಇಡಲಿ. ಒಬ್ಬ ಶಿಕ್ಷಕಿ ತನ್ನ ಸಂಬಳದಿಂದ ಕೊಂಡು, ಉಳಿದವರೆಲ್ಲ ಅವಳ ಪೆನ್‌ಡ್ರೈವಿಗಾಗಿ ಕಾಯುವ ಪದ್ಧತಿ ನಿಲ್ಲಲಿ.