ಏಣಿ ಮುರಿದು ಕೋಲು ಮಾರುವವರು

ಹತ್ತು ಅಡಿಯ ಏಣಿಗೆ 5 ತಾಮ್ರದ ಕಾಸು. ಹತ್ತು ಅಡಿಯ ಕೋಲಿಗೆ 2 ಬೆಳ್ಳಿ. ಒಂದು ಬೆಳ್ಳಿಗೆ ಹತ್ತು ತಾಮ್ರ. ಈಗ ಲೆಕ್ಕ ಹಾಕಿ. ಒಂದು ಏಣಿ ಕೊಳ್ಳಿ. ಮೆಟ್ಟಿಲುಗಳನ್ನು ಕಿತ್ತು ಬಿಸಾಕಿ. ಕೈಯಲ್ಲಿ ಹತ್ತು ಅಡಿಯ ಎರಡು ಕೋಲು ಉಳಿದವು, ಅಂದರೆ 40 ತಾಮ್ರದ ಮಾಲು. ಅಂಗಡಿಯವನು ಅರ್ಧ ಬೆಲೆಗೆ ಕೊಂಡರೂ 20 ಸಿಕ್ಕಿತು. ಐದು ಹಾಕಿ ಇಪ್ಪತ್ತು ತೆಗೆಯುವ ವ್ಯಾಪಾರ ನಮ್ಮ ಚಿಕ್ಕಪೇಟೆಯಲ್ಲೂ ಇಲ್ಲ.

ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೂರೂವರೆ ಅನ್ನುವ ಆವೃತ್ತಿಯ, ಅಂದರೆ 2003ರ ರೂಲ್‌ಬುಕ್ಕಿನ ಬೆಲೆಪಟ್ಟಿ. ಡ್ರ್ಯಾಗನ್ನಿನ ಗುಹೆಗೆ ನುಗ್ಗಿ ಪ್ರಾಣ ಒತ್ತೆಯಿಟ್ಟು ನಿಧಿ ತರುವ ಬದಲು, ಊರ ಸಂತೆಯಲ್ಲಿ ಕೂತು ಏಣಿ ಮುರಿಯುತ್ತಿದ್ದರೆ ಸಾಕಲ್ವಾ ಎಂದು ಆಡುವವರು ಇವತ್ತಿಗೂ ನಗುತ್ತಾರೆ. 2014ರ ಐದನೆಯ ಆವೃತ್ತಿಯಲ್ಲಿ ಬೆಲೆ ಬದಲಾಯಿತು. ಏಣಿಗೆ 1 ಬೆಳ್ಳಿ, ಕೋಲಿಗೆ 5 ತಾಮ್ರ. ಎರಡು ಕೋಲಿನ ಬೆಲೆ ಸರಿಯಾಗಿ ಒಂದು ಏಣಿಯ ಬೆಲೆ. ಇನ್ನು ಬಾಯಿ ಮುಚ್ಚುತ್ತಾರೆ ಅಂದುಕೊಂಡಿರಾ? ‘ಹಾಗಾದ್ರೆ ಮೆಟ್ಟಿಲು ಫ್ರೀನಾ?’ ಅಂತ ಶುರುವಾಯಿತು. ಏಣಿಯ ತೂಕ 25 ಪೌಂಡ್, ಒಂದು ಕೋಲಿನದು 7 ಪೌಂಡ್. ಕಳೆದು ನೋಡಿದರೆ ಪ್ರತಿ ಏಣಿಗೂ 11 ಪೌಂಡ್ ಸೌದೆ ಪುಕ್ಕಟೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಅವರು ಕತೆ ಹೇಳುತ್ತಾರೆ: ಕತ್ತಲೆ ಕೋಣೆ, ಮೂಲೆಯಲ್ಲಿ ಏನೋ ಉಸಿರಾಡುತ್ತಿದೆ, ಏನು ಮಾಡ್ತೀರಿ? ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಉತ್ತರ ಕೊಡುತ್ತಾರೆ. ಕತ್ತಿ ಬೀಸುತ್ತೇನೆ, ಓಡುತ್ತೇನೆ, ಅದಕ್ಕೆ ಬಾಳೆಹಣ್ಣು ಕೊಡುತ್ತೇನೆ, ಏನು ಬೇಕಾದರೂ ಹೇಳಬಹುದು. ಆಗುತ್ತದೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಎಲ್ಲ ತರಲೆಯ ಬೇರು ಆ ‘ಏನು ಬೇಕಾದರೂ’ ಅನ್ನುವಲ್ಲಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಒಂದು ಪೆಟ್ಟಿಗೆ, ಅದರೊಳಗೆ ಮೂರು ತೆಳ್ಳನೆ ಪುಸ್ತಕ, ಅಷ್ಟೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನುವ ಪುಟ್ಟ ಊರಿನಿಂದ ಹೊರಟ ಪೆಟ್ಟಿಗೆ ಅದು. ಇಬ್ಬರೂ ಆಟಿಕೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧ ಆಡುತ್ತಿದ್ದವರು. ಅಲ್ಲಿ ನಿಯಮ ಅಂದರೆ ದೂರ ಅಳೆಯುವುದು, ಗುರಿ ಲೆಕ್ಕ ಹಾಕುವುದು. ಈ ಹೊಸ ಆಟದಲ್ಲಿ ಆಡುವವನು ಪ್ರಪಂಚದಲ್ಲಿ ಏನನ್ನಾದರೂ ಮಾಡಲು ಹೊರಡಬಹುದು. ಹಾಗಾಗಿ ಪುಸ್ತಕ ಪ್ರಪಂಚದ ಎಲ್ಲದರ ಬಗ್ಗೆಯೂ ಏನಾದರೊಂದು ಹೇಳಲೇಬೇಕು. ಮೇಲಿಂದ ಬಿದ್ದರೆ ಏನು? ಉಸಿರು ಎಷ್ಟು ಹೊತ್ತು ಕಟ್ಟಬಹುದು? ಹಸಿದರೆ? ಕುದುರೆ ಸತ್ತರೆ? ತೆಳ್ಳನೆ ಪುಸ್ತಕಗಳು ನೂರಾರು ಪುಟದ ಸಂಪುಟಗಳಾದವು. ಓದುಗರ ನಿಯಮದ ಸಂಶಯಗಳಿಗೆ ಉತ್ತರಿಸಲೆಂದೇ ಡ್ರ್ಯಾಗನ್ ಎಂಬ ಪತ್ರಿಕೆಯಲ್ಲಿ 1979ರಲ್ಲಿ ಒಂದು ಅಂಕಣವೂ ಶುರುವಾಯಿತು. ಅಷ್ಟೆಲ್ಲ ಬರೆದ ಮೇಲೂ ಸಂಶಯ ತೀರಲಿಲ್ಲ. ಬರೆದಷ್ಟೂ ಸಂದು ಜಾಸ್ತಿ ಆಯಿತು, ಸಂದು ಕಂಡಲ್ಲೆಲ್ಲ ಯಾರೋ ತಲೆ ತೂರಿಸಿದರು.

ಹೀಗೆ ತಲೆ ತೂರಿಸುವವನಿಗೆ ರೂಲ್ಸ್ ಲಾಯರ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ನಾವು ಆಡುವ ಮೇಜಿಗೂ ಒಬ್ಬರಿದ್ದಾರೆ. ವೃತ್ತಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ವಾರವಿಡೀ ಬೇರೆಯವರ ಲೆಕ್ಕದ ಸಂದು ಹುಡುಕಿ ದಣಿದವರು ವಾರಾಂತ್ಯಕ್ಕೆ ಏನು ಮಾಡುತ್ತಾರೆ? ಅದನ್ನೇ ಮಾಡುತ್ತಾರೆ, ಆದರೆ ಇಲ್ಲಿ ಅವರು ಕುಳ್ಳನೆಯ ಗಡ್ಡದ ಕೊಡಲಿವೀರ. ನಮ್ಮ ಪೈಕಿ ಚಿಕ್ಕವರೆಲ್ಲ ಅವರನ್ನು ‘ಸಾರ್’ ಅನ್ನುತ್ತಾರೆ. ರಾಕ್ಷಸ ಎದುರಿಗೆ ಬಾಯಿ ತೆರೆದು ನಿಂತಿರುವಾಗ ಅವರು ಕನ್ನಡಕ ಮೇಲೇರಿಸಿ, ‘ಒಂದ್ನಿಮಿಷ, ಅಲ್ಲಿ ಏನು ಬರ್ದಿದೆ ನೋಡೋಣ’ ಎಂದರೆ ರಾಕ್ಷಸನೂ ಕಾಯಬೇಕು.

ಅವರಿಗೆ ಪ್ರಿಯವಾದದ್ದು ಮುಳುಗಿಸಿ ಬದುಕಿಸುವ ಚಿಕಿತ್ಸೆ. ಇದೂ ಮೂರೂವರೆ ಆವೃತ್ತಿಯ ಸ್ವತ್ತು. ಅಲ್ಲಿ ಪ್ರತಿ ಪಾತ್ರಕ್ಕೂ ಹಿಟ್ ಪಾಯಿಂಟ್ ಇರುತ್ತದೆ. ಏಟು ಬಿದ್ದಂತೆ ಇಳಿಯುತ್ತದೆ, ಸೊನ್ನೆ ದಾಟಿ ಮೈನಸ್ಸಿಗೆ ಹೋಗುತ್ತದೆ, ಮೈನಸ್ 10 ಆದರೆ ಸಾವು. ಇನ್ನೊಂದು ಪುಸ್ತಕದಲ್ಲಿ, ಇನ್ನೊಂದು ಅಧ್ಯಾಯದಲ್ಲಿ, ನೀರಿನಲ್ಲಿ ಮುಳುಗುವವರ ಬಗ್ಗೆ ಬರೆದಿದೆ. ಉಸಿರು ಕಟ್ಟಲಾಗದೆ ಮುಳುಗತೊಡಗಿದವನ ಹಿಟ್ ಪಾಯಿಂಟ್ ಸೊನ್ನೆಗೆ ಬರುತ್ತದಂತೆ. ಬರೆದವರ ಮನಸ್ಸಿನಲ್ಲಿದ್ದದ್ದು ಗಟ್ಟಿಮುಟ್ಟಾದವನು ಮುಳುಗಿ ಸೊನ್ನೆಗೆ ಇಳಿಯುವುದು. ಆದರೆ ಇಳಿಯುತ್ತದೆ ಅಂತ ಎಲ್ಲಿ ಬರೆದಿದೆ? ಮೈನಸ್ 9ರಲ್ಲಿ ಕೊನೆಯುಸಿರು ಎಳೆಯುತ್ತಿರುವ ಗೆಳೆಯನ ತಲೆಯನ್ನು ಒಂದು ಬಕೆಟ್ ನೀರಿನೊಳಗೆ ಅದ್ದಿ. ಅವನೂ ಸೊನ್ನೆಗೆ ಬರುತ್ತಾನೆ. ಮೇಲಕ್ಕೆ! ಪೂಜಾರಿಯ ಮಂತ್ರ ಬೇಡ, ಔಷಧಿ ಬೇಡ, ಬಕೆಟ್ ಸಾಕು. ಸತ್ತರೂ ಚಿಂತೆಯಿಲ್ಲ. ಅದೇ ಆವೃತ್ತಿಯಲ್ಲಿ ‘ಸತ್ತ ಸ್ಥಿತಿ’ಗೂ ಒಂದು ವಿವರಣೆ ಇದೆ. ಆತ್ಮ ದೇಹ ಬಿಡುತ್ತದೆ, ದೇಹ ಕೊಳೆಯುತ್ತದೆ ಎಂದೆಲ್ಲ ಇದೆ. ಸತ್ತವನು ಎದ್ದು ಓಡಾಡುವಂತಿಲ್ಲ ಅಂತ ಮಾತ್ರ ಇಲ್ಲ.

ಇಂಥದ್ದು ಕೇಳಿ ನಗು ಬರುವುದು ಯಾಕೆ ಎಂದು ನಾನು ಸುಮ್ನೆ ಯೋಚಿಸಿದ್ದಿದೆ. ನಿಯಮವನ್ನು ಲೇವಡಿ ಮಾಡುವವನು ಇಷ್ಟು ನಗಿಸಲಾರ. ಬೈದರೆ ಅದು ದೂರು ಅನ್ನಿಸುತ್ತದೆ. ನಗಿಸುವವನು ನಿಯಮವನ್ನು ವೇದವಾಕ್ಯದಂತೆ ನಂಬಿ, ಒಂದಕ್ಷರ ಬಿಡದೆ ಪಾಲಿಸಿ, ನೇರ ಹಳ್ಳಕ್ಕೆ ಬೀಳುವವನು. ಮುಖದಲ್ಲಿ ಒಂದಿಷ್ಟೂ ನಗು ಇರಬಾರದು. ನಮ್ಮ ಸಾರ್ ಬಕೆಟ್ ಕೇಳುವಾಗ ರಿಟರ್ನ್ ಫೈಲ್ ಮಾಡುವಷ್ಟೇ ಗಂಭೀರವಾಗಿರುತ್ತಾರೆ.

ಈ ಜಾತಿಯ ಜೋಕುಗಳಿಗೆಲ್ಲ ರಾಜ ಅಂದರೆ ರೈತರ ರೈಲ್‌ಗನ್. ರೈಲ್‌ಗನ್ ಅಂದರೆ ವಿದ್ಯುತ್ತಿನ ಬಲದಿಂದ ಗುಂಡನ್ನು ಭಾರೀ ವೇಗದಲ್ಲಿ ಚಿಮ್ಮಿಸುವ ತೋಪು. ಯುದ್ಧದಲ್ಲಿ ಒಂದು ಸುತ್ತು ಅಂದರೆ 6 ಸೆಕೆಂಡು. ಆ ಸುತ್ತಿನಲ್ಲಿ ಯಾರು ಬೇಕಾದರೂ ‘ಪಕ್ಕದವನು ಕೊಟ್ಟರೆ ತಗೊಂಡು ಮುಂದಿನವನಿಗೆ ಕೊಡುತ್ತೇನೆ’ ಎಂದು ಸಿದ್ಧವಾಗಿ ನಿಲ್ಲಬಹುದು. ಸರಿ, ಐದೈದು ಅಡಿಗೆ ಒಬ್ಬರಂತೆ 2,000 ರೈತರನ್ನು ಸಾಲಾಗಿ ನಿಲ್ಲಿಸಿ. ಮೊದಲನೆಯವನ ಕೈಗೆ ಒಂದು ಈಟಿ ಕೊಡಿ. ನಿಯಮದ ಪ್ರಕಾರ ಆ ಈಟಿ 6 ಸೆಕೆಂಡಿನೊಳಗೆ ಕೊನೆಯವನ ಕೈ ಸೇರುತ್ತದೆ. 10,000 ಅಡಿ, ಅಂದರೆ ಸುಮಾರು 3 ಕಿಲೋಮೀಟರ್. ಸೆಕೆಂಡಿಗೆ 500 ಮೀಟರ್! ಗಾಳಿಯಲ್ಲಿ ಶಬ್ದ ಹೋಗುವುದೇ ಸೆಕೆಂಡಿಗೆ ಸುಮಾರು 340 ಮೀಟರ್. ಕೊನೆಯ ರೈತ ಆ ವೇಗದಲ್ಲಿ ಈಟಿ ಬಿಟ್ಟರೆ ಡ್ರ್ಯಾಗನ್ ಅಲ್ಲ, ಅದರ ಹಿಂದಿನ ಬೆಟ್ಟವೂ ಉಳಿಯಬಾರದು.

ಡಿಎಂ ಇಲ್ಲಿ ಬಾಯಿ ಬಿಡುತ್ತಾರೆ. ‘ನಿಯಮದ ಪ್ರಕಾರ ಈಟಿ ಬಂತು, ಒಪ್ಪಿದೆ. ನಿಯಮದ ಪ್ರಕಾರವೇ ಏಟು ಬೀಳ್ಲಿ. ಈಟಿಗೆ ಒಂದು ಆರು ಮುಖದ ದಾಳ. ಹಾಕಿ.’ ಬಿದ್ದದ್ದು 2. ಡ್ರ್ಯಾಗನ್ ಮೈ ಕೆರೆದುಕೊಂಡಿತು. ಸಾಲು ಸಾಗುವವರೆಗೆ ರೂಲ್‌ಬುಕ್ ಹಿಡಿದು, ಈಟಿ ಬಿಡುವ ಕ್ಷಣಕ್ಕೆ ಸರಿಯಾಗಿ ಫಿಸಿಕ್ಸ್ ಪುಸ್ತಕ ಹಿಡಿಯುವುದು ಇದರ ಕೈಚಳಕ. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ. ಟ್ಯಾಕ್ಸ್ ಉಳಿಸುವವರಿಗೆ ಈ ವಿದ್ಯೆ ಗೊತ್ತು.

2024ರಲ್ಲಿ ಡಂಜನ್ ಮಾಸ್ಟರ್‌ಗಳ ಕೈಪಿಡಿಯನ್ನು ಹೊಸದಾಗಿ ಬರೆದಾಗ, ಆಟದ ನಿಯಮಗಳು ಭೌತಶಾಸ್ತ್ರ ಅಲ್ಲ, ಜನರ ಸಾಲಿನಿಂದ ಈಟಿಯ ವೇಗ ಏರಿಸಲು ಬಿಡಬೇಡಿ ಎಂದು ಅದರಲ್ಲಿ ಸೇರಿಸಿದರು. ಇದಕ್ಕೂ ಮುಂಚೆ, 2008ರ ಕೈಪಿಡಿಯಲ್ಲಿ ಇಲಿಗಳ ಸರದಿಯಾಗಿತ್ತು. ವೈರಿಯನ್ನು ಹೊಡೆದಾಗ ಗೆಳೆಯನ ಗಾಯ ಮಾಯುವಂಥ ಶಕ್ತಿಗಳು ಆ ಆವೃತ್ತಿಯಲ್ಲಿದ್ದವು. ಚೀಲದ ತುಂಬ ಇಲಿ ಹೊತ್ತು ತಂದು, ಅವುಗಳನ್ನೇ ವೈರಿಗಳೆಂದು ಹೊಡೆದು ಗಾಯ ಮಾಯಿಸಿಕೊಳ್ಳುವಂತಿಲ್ಲ ಎಂದು ಪುಸ್ತಕ ತಾನಾಗಿಯೇ ಸ್ಪಷ್ಟಪಡಿಸಿತ್ತು. ದುಡ್ಡು ಕೊಟ್ಟು ಕೊಳ್ಳುವ ಪುಸ್ತಕ ಇಲಿಚೀಲದ ಬಗ್ಗೆ ತೀರ್ಪು ಕೊಡುವುದನ್ನು ಓದಿ ನನಗೆ ಬರೆದವರ ಮೇಲೆ ಅಕ್ಕರೆ ಹುಟ್ಟಿತು. ಆದರೆ ಅವರಿಗೊಂದು ಅಂದಾಜು ತಪ್ಪಿದೆ. ನಿಷೇಧ ಬಂದ ಮೇಲೆ ಜೋಕಿಗೆ ಆಯುಸ್ಸು ಜಾಸ್ತಿಯಾಯಿತು. ಈಗ ಅದನ್ನು ಪುಟದ ಸಂಖ್ಯೆ ಸಮೇತ ಹೇಳಬಹುದು.

ನಮ್ಮ ಚೌಕಾಬಾರದಲ್ಲೂ ಜಗಳಕ್ಕೇನು ಕಡಿಮೆಯಿಲ್ಲ. ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಅನ್ನುವ ಮನೆ ಒಂದು, ಹೋಗಲಿ ಬಿಡು ಅನ್ನುವ ಮನೆ ಇನ್ನೊಂದು. ಮದುವೆಗೆ ಸೇರಿದ ನೆಂಟರು ಕವಡೆ ಹಾಕಲು ಕೂತರೆ ಮೊದಲ ಅರ್ಧ ಗಂಟೆ ‘ನಮ್ಕಡೆ ಹಂಗಿಲ್ಲ’ ಅನ್ನುವುದಕ್ಕೇ ಸರಿ. ಆದರೆ ಅಲ್ಲಿ ಪುಸ್ತಕ ಇಲ್ಲ. ಅಜ್ಜಿ ಇದ್ದಾಳೆ. ಅಜ್ಜಿ ಹೇಳಿದಳು ಅಂದರೆ ಮುಗಿಯಿತು, ಅಜ್ಜಿಯ ಮಾತಿನಲ್ಲಿ ಸಂದು ಹುಡುಕಿದವನಿಗೆ ಸಂಜೆಯ ಕೋಡುಬಳೆ ಇಲ್ಲ.

ಎಲ್ಲ ಲಾಯರುಗಳೂ ಮುದ್ದು ಅಂತ ನಾನು ಹೇಳುತ್ತಿಲ್ಲ. ತನ್ನ ಪಾತ್ರ ಗೆಲ್ಲಲೆಂದು, ಪಕ್ಕದ ಹುಡುಗಿ ಮೊದಲ ಸಲ ಆಡುತ್ತಿದ್ದಾಳೆ ಅನ್ನುವುದನ್ನೂ ನೋಡದೆ, ಅವಳ ಸರದಿಯಲ್ಲಿ ಬಾಯಿ ಹಾಕುವವನು ಒಬ್ಬನಿರುತ್ತಾನೆ. ಅವನು ವಾದ ಗೆದ್ದರೂ ಆಟ ಸಪ್ಪೆ. ತಮಾಷೆಯ ಲಾಯರಿಗೆ ಗೆಲ್ಲುವ ಆಸೆಯೇ ಇರುವುದಿಲ್ಲ. ಡಿಎಂ ‘ಆಗಲ್ಲ’ ಅನ್ನಬೇಕು, ಎಲ್ಲರೂ ಹೋ ಅನ್ನಬೇಕು, ಅಷ್ಟಕ್ಕೇ ಅವನು ಪುಸ್ತಕ ತೆರೆದದ್ದು. ಏಣಿ ವ್ಯಾಪಾರಕ್ಕೆ ನಿಜಕ್ಕೂ ಅನುಮತಿ ಸಿಕ್ಕರೆ ಪಾಪ, ವಾರಗಟ್ಟಲೆ ಏಣಿ ಮುರಿಯುತ್ತಾ ಕೂರಬೇಕಲ್ಲ!

ಕೆಲವು ಆಟಗಳು ಈ ಚಾಳಿಯನ್ನೇ ನುಂಗಿಕೊಂಡಿವೆ. 1984ರ ಪ್ಯಾರನೋಯಾ ಅನ್ನುವ ಆಟದಲ್ಲಿ ಎಲ್ಲರೂ ಒಂದು ಹುಚ್ಚು ಕಂಪ್ಯೂಟರಿನ ಆಳ್ವಿಕೆಯಲ್ಲಿರುವ ಪ್ರಜೆಗಳು. ಅಲ್ಲಿ ಆಡುವವನಿಗೆ ನಿಯಮ ಗೊತ್ತಿದೆ ಎಂದು ತಿಳಿದರೆ ಅದೇ ರಾಜದ್ರೋಹ, ಶಿಕ್ಷೆ ಅಲ್ಲೇ. ‘ಪುಸ್ತಕದಲ್ಲಿ ಹಾಗೆ ಬರೆದಿಲ್ಲ’ ಅಂದರೆ ಸತ್ತ ಹಾಗೆ. 2001ರಲ್ಲಿ ಬಂದ ಮಂಚ್‌ಕಿನ್ ಎಂಬ ಕಾರ್ಡಿನ ಆಟ ಬೇರೆ ದಾರಿ ಹಿಡಿಯಿತು. ನಿಯಮದ ಬಗ್ಗೆ ತಕರಾರು ಬಂದರೆ ಜೋರಾಗಿ ಕೂಗಾಡಿ ಇತ್ಯರ್ಥ ಮಾಡಿಕೊಳ್ಳಿ, ಕೊನೆಯ ಮಾತು ಆಟದ ಪೆಟ್ಟಿಗೆ ಯಾರದ್ದೋ ಅವರದ್ದು ಎಂದು ಅದರ ನಿಯಮದ ಹಾಳೆಯಲ್ಲೇ ಅಚ್ಚಾಗಿದೆ. ನನಗಂತೂ ಈ ಎರಡನೆಯದೇ ಹಿಡಿಸಿತು. ಗಲ್ಲಿ ಕ್ರಿಕೆಟ್ಟಿನಲ್ಲಿ ಬ್ಯಾಟು ತಂದವನು ಔಟಾಗದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾನೂನು ಆಧಾರ ಬೇಕಾ?

ಈಚೆಗೆ ನಮ್ಮ ಮೇಜಿನಲ್ಲಿ ಸಾರ್ ಅವರೇ ಡಿಎಂ. ಹಳೆಯ ಡಿಎಂ ಸೋತು ರಾಜೀನಾಮೆ ಕೊಟ್ಟರು. ಕುರ್ಚಿ ಬದಲಾದ ಮೇಲೆ ಸಾರ್ ಮಾತೂ ಬದಲಾಗಿದೆ. ‘ಆಡ್ರಪ್ಪಾ ಸುಮ್ನೆ, ರೂಲ್ಸ್ ಆಮೇಲೆ ನೋಡೋಣ’ ಅನ್ನುತ್ತಾರೆ. ಮೊನ್ನೆ ಅವರು ನಮಗೊಂದು ಮಾಯಾಚೀಲ ದಯಪಾಲಿಸಿದರು. ಹೊರಗಿಂದ ಜೋಳಿಗೆಯಷ್ಟು, ಒಳಗೆ 500 ಪೌಂಡ್ ಹಿಡಿಸುತ್ತದೆ. ಜೀವ ಇರುವವರು ಒಳಗೆ ಕೂತರೆ ಹತ್ತು ನಿಮಿಷದ ಗಾಳಿಯನ್ನು ತಲೆಗಿಷ್ಟು ಎಂದು ಹಂಚಿಕೊಳ್ಳಬೇಕು, ಆದರೆ ಎಷ್ಟೇ ಜನ ಇದ್ದರೂ ಕನಿಷ್ಠ ಒಂದು ನಿಮಿಷ ಗ್ಯಾರಂಟಿ. ಹಾಗಂತ 2014ರ ಪುಸ್ತಕದಲ್ಲೇ ಇದೆ.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಕೈ ಎತ್ತಿದ. ‘ಸಾರ್, ಹತ್ತು ಕೋಳಿ ಹಾಕಿದ್ರೆ ಒಂದು ನಿಮಿಷ. ನೂರು ಕೋಳಿ ಹಾಕಿದ್ರೂ ಒಂದೇ ನಿಮಿಷ. ಮಿಕ್ಕಿದ ತೊಂಬತ್ತು ಕೋಳಿಗೆ ಗಾಳಿ ಎಲ್ಲಿಂದ ಬಂತು ಸಾರ್?’

ಸಾರ್ ಕನ್ನಡಕ ಮೇಲೇರಿಸಿದರು. ‘ನಾಟಿಕೋಳಿನಾ, ಫಾರಂ ಕೋಳಿನಾ?’