ಡ್ಯಾಶ್‌ಬೋರ್ಡು ಫಸ್ಟ್ ಕ್ಲಾಸಲ್ಲಿ ಪಾಸು

ಶಾಲೆ ಹೆಂಗ್ ನಡೀತಿದೆ ಅಂತ ತಿಳ್ಕೊಳೋಕೆ ಈಗ ಶಾಲೆಗೆ ಹೋಗೋ ಅಗತ್ಯಾನೇ ಇಲ್ಲ ಕಣ್ರೀ. ಸಾಹೇಬ್ರು ಕೂತಲ್ಲೇ, ಶಾಲೆಗಳ ಲೆಕ್ಕಾನೆಲ್ಲ ಒಂದೇ ಸ್ಕ್ರೀನಲ್ಲಿ ತೋರಿಸೋ ಡ್ಯಾಶ್‌ಬೋರ್ಡ್ ಓಪನ್ ಮಾಡಿದ್ರೆ ಸಾಕು, ಹಸಿರು ಅಂದ್ರೆ ಒಳ್ಳೆ ಶಾಲೆ, ಕೆಂಪು ಅಂದ್ರೆ ಹೆಡ್‌ಮಾಸ್ಟರ್‌ಗೆ ನೋಟಿಸು, ಏನೂ ಕಾಣ್ಲಿಲ್ಲ ಅಂದ್ರೆ ಸರ್ವರ್ ಡೌನು, ಅದಕ್ಕೂ ಹೆಡ್‌ಮಾಸ್ಟರ್‌ಗೇ ನೋಟಿಸು. ಇದರ ಹೆಸರು ಉತ್ತರದಾಯಿತ್ವ.

ಈ ಪದಾನ ಅಕ್ಷರಶಃ ಪಾಲಿಸಿದೋರು ಅಂದ್ರೆ ಅಮೆರಿಕದ ಅಟ್ಲಾಂಟಾದ ಕೆಲವು ಟೀಚರ್‌ಗಳು. ಮೇಲಿಂದ ಟಾರ್ಗೆಟ್ಟು, ಕೆಳಗೆ ಮಕ್ಕಳು ಬರೆದಿದ್ದು ತಪ್ಪು, ಸರಿ ಬಿಡಿ ಉತ್ತರ ಕೊಡೋ ಜವಾಬ್ದಾರಿ ನಮ್ದೇ ತಾನೆ ಅಂತ ರಬ್ಬರ್ ಹಿಡ್ಕೊಂಡು ಅವರೇ ತಿದ್ದಿ ಕೂತ್ರು. 2009ರ ಪರೀಕ್ಷೆ ಅದು. ಅಳಿಸಿದ ಗುರುತನ್ನ ಮಷೀನು ಎಣಿಸ್ತು, ತಪ್ಪಿದ್ದದ್ದು ಸರಿಯಾಗಿರೋದು ವಿಪರೀತ ಜಾಸ್ತಿ! 2011ರ ತನಿಖೇಲಿ 44 ಶಾಲೆ, 178 ಟೀಚರ್-ಪ್ರಿನ್ಸಿಪಾಲ್‌ಗಳು ಸಿಕ್ಕಿಬಿದ್ರು. ಟೆಕ್ನಾಲಜಿ ಕರೆಕ್ಟಾಗಿ ಅಳೆದಿದ್ದು ಅಂದ್ರೆ ಬಹುಶಃ ಆ ರಬ್ಬರ್ ಸವೆದಿದ್ದನ್ನೇ.

ಅವರನ್ನಷ್ಟೇ ಬೈದು ಏನ್ ಬಂತು, 2002ರ ಅಲ್ಲಿನ ಕಾನೂನೇ 2014ರೊಳಗೆ ನೂರಕ್ಕೆ ನೂರು ಮಕ್ಕಳು ಓದು, ಗಣಿತದಲ್ಲಿ ನಿಗದಿತ ಮಟ್ಟ ಮುಟ್ಬೇಕು ಅಂತ ಅಪ್ಪಣೆ ಕೊಡಿಸಿತ್ತು. (ಮಳೆಗೂ ಹಿಂಗೇ ಒಂದು ಸರ್ಕ್ಯುಲರ್ ಹೊರಡಿಸ್ಬೋದಿತ್ತು.) ಆಗ್ಲಿಲ್ಲ, 2015ರಲ್ಲಿ ಕಾನೂನನ್ನೇ ಬದಲಾಯಿಸಿದ್ರು. ಪೇಪರ್ ಟಫ್ ಇದೆ ಬೇರೆ ಪೇಪರ್ ಕೊಡಿ ಅಂತ ಯಾವುದಾದ್ರೂ ಮಗು ಕೇಳಲಿ ನೋಡೋಣ.

ಇಂಗ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ. 2020ರಲ್ಲಿ ಪರೀಕ್ಷೆ ನಡೀಲೇ ಇಲ್ಲ, ರಿಸಲ್ಟ್ ಮಾತ್ರ ಬಂತು! ಟೀಚರ್‌ಗಳು ಅಂದಾಜು ಮಾಡಿ ಕೊಟ್ಟ ಎ-ಲೆವೆಲ್ (ನಮ್ಮ ಪಿಯುಸಿ ಥರದ್ದು) ಗ್ರೇಡ್‌ಗಳಲ್ಲಿ ಹತ್ತಿರ ಹತ್ತಿರ 40% ಅನ್ನ ಅಲ್ಗಾರಿದಮ್ಮು, ಅಂದ್ರೆ ಕಂಪ್ಯೂಟರ್ ಲೆಕ್ಕದ ಸೂತ್ರ, ಕೆಳಗಿಳಿಸ್ತು, ಯಾಕಂದ್ರೆ ಅದು ಆ ಶಾಲೆಯ ಹಳೇ ರಿಸಲ್ಟನ್ನೂ ಲೆಕ್ಕಕ್ಕೆ ತಗೊಂಡಿತ್ತು, ಅಂದ್ರೆ ಸೀನಿಯರ್ ಓದ್ಲಿಲ್ಲ ಅಂತ ಜೂನಿಯರ್‌ಗೆ ಪೆಟ್ಟು. ಮಕ್ಕಳು ಬೀದಿಗಿಳಿದ್ರು, ರಿಸಲ್ಟ್ ಬಂದ ನಾಲ್ಕೇ ದಿನಕ್ಕೆ, ಆಗಸ್ಟ್ 17ಕ್ಕೆ, ಆ ಅಲ್ಗಾರಿದಮ್ ಗ್ರೇಡ್‌ಗಳನ್ನ ವಾಪಸ್ ತಗೊಂಡ್ರು.

ಇತ್ತ ಕ್ಲಾಸ್‌ರೂಮ್ ನೋಡಿ. ಮಿಸ್ಸು ಕಿಟಕಿ ಪಕ್ಕ ಟ್ಯಾಬ್ ಮೇಲೆತ್ತಿ ಹಿಡ್ಕೊಂಡು ಸಿಗ್ನಲ್ ಹುಡುಕ್ತಿದಾರೆ. ತಲೆಗೂದಲು ಕಟ್ ಮಾಡಿಸ್ಕೊಂಡು ಬಂದ ಹುಡುಗನ ಮುಖ ಆ್ಯಪ್‌ಗೆ ಗುರುತು ಸಿಗ್ಲಿಲ್ಲ, ಎದುರಿಗೇ ನಿಂತಿದಾನೆ, ಆದ್ರೆ ಆಬ್ಸೆಂಟು. ಕೊನೇ ಬೆಂಚಿಂದ ಒಂದು ಹುಡುಗಿ ಕೈ ಎತ್ತಿದ್ಳು. "ಮಿಸ್, ಶೇಕಡಾ ಅಂದ್ರೇನು ಮಿಸ್?"

"ಇರು ಪುಟ್ಟಿ, ಶೇಕಡಾ ಪಾಠ ಎಷ್ಟು ಪರ್ಸೆಂಟ್ ಮಕ್ಕಳಿಗೆ ಅರ್ಥ ಆಗಿದೆ ಅಂತ ಅಪ್‌ಲೋಡ್ ಮಾಡ್ತಿದೀನಿ."

ಅಪ್‌ಲೋಡ್ ಆಯ್ತು. ಹಸಿರು ಟಿಕ್ಕು ಬಂತು. ಬೆಲ್ಲೂ ಹೊಡೀತು.