ಸ್ಪಷ್ಟನೆ: ಮಂಗನ ಕಾಯಿಲೆ ಮುಟ್ಟಿದರೆ ಅಂಟುವುದಿಲ್ಲ

‘ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಜ್ವರ ಬಂದವರನ್ನು ದೂರವಿಡಿ, ಜ್ವರ ಇಳಿದರೆ ಗುಣವಾದಂತೆ’ ಎಂಬ ಸಂದೇಶ ಮಲೆನಾಡಿನ ಗ್ರೂಪುಗಳಲ್ಲಿ ಓಡಾಡುತ್ತಿದೆ. ಈ ಮೂರೂ ಮಾತು ತಪ್ಪು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಸ್ ಮುಖ್ಯವಾಗಿ ಬರುವುದು ಸೋಂಕಿತ ಉಣುಗು ಕಚ್ಚಿದಾಗ. ಮನುಷ್ಯರಿಂದ ಮನುಷ್ಯರಿಗೆ ಹರಡಿದ ದಾಖಲೆ ಇಲ್ಲ. ಕಚ್ಚುವುದು ಹೆಚ್ಚಾಗಿ ಮರಿ ಉಣುಗು. ಎಳ್ಳಿಗಿಂತ ಸಣ್ಣದು, ಮೊಣಕಾಲ ಹಿಂಭಾಗದಲ್ಲೋ ಸೊಂಟದ ಪಟ್ಟಿಯಡಿಯೋ ಕೂತರೆ ಕಣ್ಣಿಗೇ ಬೀಳದು. ರೋಗಿಯನ್ನು ದೂರವಿಡುವುದರಿಂದ ಆಗುವುದು ಒಂದೇ: ಆಸ್ಪತ್ರೆಗೆ ಕರೆದೊಯ್ಯುವವರು ಇಲ್ಲದಂತಾಗುತ್ತದೆ.

ಕಾಡು, ತೋಟಕ್ಕೆ ಹೋಗಿಬಂದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ಹಣೆನೋವು, ವಿಪರೀತ ಮೈಕೈ ನೋವು ಬಂದರೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋದದ್ದನ್ನು ಹೇಳಿ. ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಮೊದಲ ದಿನಗಳ ರಕ್ತವೇ ಬೇಕು. ತಡವಾದರೆ ವೈರಸ್ ಸಿಗದೆ ಹೋಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ, ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿದೆ. ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಮಲಗುವ ಅಭ್ಯಾಸವೇ ಇಲ್ಲಿ ಹೆಚ್ಚು ಕಾಡುವುದು.

ಜ್ವರ ಇಳಿದ ಮೇಲೂ ಕೆಲವರಿಗೆ ಒಂದೆರಡು ವಾರ ಬಿಟ್ಟು ಎರಡನೇ ಸುತ್ತು ಬರುತ್ತದೆ: ತಲೆನೋವು, ನಡುಕ, ಗೊಂದಲ. ಆಗ ಮನೆಯಲ್ಲಿ ಕಾಯಬೇಡಿ.

ಸತ್ತ ಮಂಗ ಕಂಡರೆ ಮುಟ್ಟಬೇಡಿ, ಅದರ ಸುತ್ತಮುತ್ತ ಓಡಾಡಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ.

ಹಳೆಯ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅದೇ ಗ್ರೂಪಿನಲ್ಲಿ ಅಳಿಸಿ, ಇದನ್ನು ಹಾಕಿ.